ಬೆಳಗಾವಿ–ಬಾಗಲಕೋಟೆ ನದಿತೀರ: ಹೊರಹರಿವಿನ ಅಂಕಿ ಓದುವುದು ಹೇಗೆ?

ರಾಮದುರ್ಗ, ಬಾದಾಮಿ, ಮುಧೋಳ ತಾಲ್ಲೂಕುಗಳ ಹೆಸರು ಬರದ ಪಟ್ಟಿಯಲ್ಲೂ ಬರುತ್ತದೆ, ನೆರೆಯ ಪಟ್ಟಿಯಲ್ಲೂ ಬರುತ್ತದೆ. ಇಲ್ಲಿನ ಹೊಳೆಗಳು ತುಂಬುವುದು ಸಹ್ಯಾದ್ರಿಯ ಮಳೆಗೆ. ಊರಿನ ಮೇಲಿನ ಮೋಡ ನೋಡಿ ಲೆಕ್ಕ ಹಾಕಿದರೆ ಉಪಯೋಗವಿಲ್ಲ.

ಮೊದಲು ಒಂದು ಗುಣಾಕಾರ ತಿಳಿದಿರಲಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. 11,574 ಕ್ಯೂಸೆಕ್ ನೀರು ಒಂದು ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. ಇನ್ನು 4 ಟಿಎಂಸಿ ಖಾಲಿ ಇದೆ, ಒಳಹರಿವು ಒಂದು ಲಕ್ಷ ಕ್ಯೂಸೆಕ್ ಇದೆ ಎಂದರೆ ಹನ್ನೊಂದು ತಾಸಿನಲ್ಲಿ ಅದು ಭರ್ತಿ. ಹಾಗಾಗಿ ‘ಶೇ 90 ತುಂಬಿದೆ’ ಎಂಬ ಸುದ್ದಿಗಿಂತ, ಎಷ್ಟು ಜಾಗ ಉಳಿದಿದೆ, ಒಳಹರಿವು ಏರುತ್ತಿದೆಯೇ ಎಂಬುದನ್ನೇ ನೋಡಬೇಕು.

ಕೃಷ್ಣೆ ಮುನ್ಸೂಚನೆ ಕೊಟ್ಟು ಬರುವ ನದಿ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನ ಹೊರಹರಿವಿಗೆ ದೂಧಗಂಗೆಯ ಹರಿವು ಸೇರಿಸಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಲೆಕ್ಕ ಸಿಗುತ್ತದೆ. ಘಟಪ್ರಭೆ ಹಾಗಲ್ಲ. ಅದರ ಹಿಡಕಲ್ ಅಣೆಕಟ್ಟಿನಿಂದ ಬಿಟ್ಟದ್ದು ಕಡಿಮೆ ಎಂದು ಗೋಕಾಕದವರು ನಿಶ್ಚಿಂತರಾಗಿರುವಂತಿಲ್ಲ. ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಅಣೆಕಟ್ಟಿನ ಕೆಳಗೆ ಬಂದು ಕೂಡುತ್ತವೆ. ಮೂರನ್ನೂ ಕೂಡಿಸಿ ನೋಡಿ.

ನನ್ನ ಮಟ್ಟಿಗೆ ಹೆಚ್ಚು ಆತಂಕದ್ದು ಮಲಪ್ರಭೆ. ಜಲಾಶಯ ಎಷ್ಟೋ ವರ್ಷ ತುಂಬುವುದೇ ಇಲ್ಲ. ಕೆಳಗೆ ಹೊಳೆ ಬತ್ತಿರುತ್ತದೆ, ದಂಡೆಯ ಕಬ್ಬು ಪಾತ್ರದೊಳಗೆ ಇಳಿಯುತ್ತದೆ, ಉಳಿದ ಜಾಗದಲ್ಲಿ ಜಾಲಿ ಬೆಳೆಯುತ್ತದೆ. ಹಿಂದೆ ಪಾತ್ರದೊಳಗೇ ಸಾಗುತ್ತಿದ್ದಷ್ಟು ನೀರು ಈಗ ಊರಿಗೆ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತ್ತು. ನರಗುಂದ ತಾಲ್ಲೂಕಿನ ಕೊಣ್ಣೂರೂ ಮುಳುಗಿತ್ತು. ಇದರ ಮೇಲೆ ಬೆಣ್ಣಿಹಳ್ಳ ಬೇರೆ. ಕುಂದಗೋಳ, ನವಲಗುಂದದ ಎರೆಹೊಲಗಳ ನೀರು ಹೊತ್ತು ತಂದು ಅದು ಮಲಪ್ರಭೆಗೆ ಸೇರುವುದು ಅಣೆಕಟ್ಟಿನ ಕೆಳಗೆ. ಡ್ಯಾಮಿನ ಅಂಕಿಯಲ್ಲಿ ಅದು ಕಾಣಿಸುವುದೇ ಇಲ್ಲ.

ಹೊಳೆಗೆ ಅಡ್ಡಲಾಗಿ ಕಟ್ಟಿದ ಕಿರು ಒಡ್ಡುಗಳು, ಅಂದರೆ ಬಾಂದಾರಗಳದ್ದು ಇನ್ನೊಂದು ಕಥೆ. ಬೇಸಿಗೆಯಲ್ಲಿ ನೀರು ನಿಲ್ಲಿಸಲು ಹಾಕಿದ ಗೇಟುಗಳನ್ನು ಮುಂಗಾರಿಗೆ ಮುಂಚೆ ಪೂರ್ತಿ ತೆಗೆಯಬೇಕು. ನಾಲ್ಕಾರು ಕಂಡಿಯಲ್ಲಿ ಉಳಿದರೂ ಸಾಕು: ಮುಳ್ಳುಕಂಟಿ, ಕಬ್ಬಿನ ರವದಿ (ಒಣಗರಿ), ಅಂತರಗಂಗೆ ಕಳೆ ಬಂದು ಸಿಕ್ಕಿಕೊಳ್ಳುತ್ತವೆ, ನೀರು ಪಕ್ಕಕ್ಕೆ ತಿರುಗಿ ದಂಡೆಯ ಮಣ್ಣು ಕೊರೆಯುತ್ತದೆ. ಬಾಂದಾರ ಗಟ್ಟಿಯಾಗಿ ನಿಂತಿರುತ್ತದೆ, ಅದಕ್ಕೆ ಕೂಡುವ ರಸ್ತೆ ಮಾತ್ರ ಇರುವುದಿಲ್ಲ. ಮೇ ತಿಂಗಳಲ್ಲೇ ಗ್ರಾಮ ಪಂಚಾಯಿತಿಯವರು ಹೋಗಿ ಕಂಡಿ ಎಣಿಸಿ ಬರಲಿ.

ದಂಡೆಯ ರೈತರು ಮೋಟಾರು, ಸ್ಟಾರ್ಟರ್ ಎತ್ತಿಡಬೇಕಾದದ್ದು ಒಳಹರಿವು ಏರುವಾಗಲೇ. ಗೇಟು ತೆರೆದ ಸುದ್ದಿ ಕೇಳಿದ ಮೇಲೆ ಕತ್ತಲಲ್ಲಿ ಹೊಳೆಗೆ ಇಳಿಯಬೇಡಿ. ದನಗಳನ್ನು ಬಿಚ್ಚಿ ಎತ್ತರದ ಜಾಗಕ್ಕೆ ಹೊಡೆಯಿರಿ.