ಬ್ಯಾಡ್ಜ್ ಮನುಷ್ಯನಿಗೆ, ಬೋರ್ಡ್ ಗಾಡಿಗೆ: ಹಳೆಯ ಯುದ್ಧವಿಮಾನದಲ್ಲಿ ಪ್ರಯಾಣಿಕರು

ಅಮೆರಿಕದಲ್ಲಿ ಎಲ್-39, ಟಿ-33 ಥರದ ಹಳೆಯ ಮಿಲಿಟರಿ ಜೆಟ್‌ಗಳನ್ನು ಖಾಸಗಿಯವರು ಕೊಂಡು ಹಾರಿಸುತ್ತಾರೆ. ಇವಕ್ಕೆ ಸಾಮಾನ್ಯವಾಗಿ ಸಿಗುವುದು ‘ಎಕ್ಸ್‌ಪೆರಿಮೆಂಟಲ್’ (ಪ್ರಾಯೋಗಿಕ) ಸರ್ಟಿಫಿಕೇಟ್, ಅಂದರೆ ವಿಮಾನಕ್ಕೆ ಕೊಡುವ ಹಾರಾಟದ ಅನುಮತಿ ಪತ್ರ. ಅದಕ್ಕೆ ಅಮೆರಿಕದ ವಿಮಾನಯಾನ ನಿಯಮ 91.319: ಬಾಡಿಗೆಗೆ ಜನರನ್ನಾಗಲಿ ಸಾಮಾನನ್ನಾಗಲಿ ಒಯ್ಯುವಂತಿಲ್ಲ. ಸುಮ್ನೆ ಕರೆದುಕೊಂಡು ಹೋದರೂ, ಇದು ಎಕ್ಸ್‌ಪೆರಿಮೆಂಟಲ್ ವಿಮಾನ ಅಂತ ಮೊದಲೇ ಹೇಳಬೇಕು.

ನಾನು ಎಡವಿದ್ದು ಇಲ್ಲೇ. ಪೈಲಟ್ ಹತ್ತಿರ ಕಮರ್ಷಿಯಲ್ ಲೈಸೆನ್ಸ್ ಇದ್ದರೆ ದುಡ್ಡು ತಗೋಬಹುದಲ್ವಾ? ಎರಡು ದಿನ ಹಾಗೇ ಅಂದುಕೊಂಡಿದ್ದೆ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಪಕ್ಕದ ಮನೆಯ ಅಣ್ಣ ಸಿಕ್ಕಾಗ ಗಂಟು ಬಿಚ್ಚಿತು. ಅವರು ಟ್ಯಾಕ್ಸಿ ಡ್ರೈವರ್, ಬ್ಯಾಡ್ಜ್ ಇದೆ. ಅವತ್ತು ಬಂದಿದ್ದು ಸ್ವಂತ ಬಿಳಿ ಬೋರ್ಡ್ ಕಾರಲ್ಲಿ. ಸಕಲೇಶಪುರಕ್ಕೆ ಬರ್ತೀರಾ ಅಂತ ಯಾರೋ ಕೇಳಿದರು. ‘ಇದು ಬಿಳಿ ಬೋರ್ಡ್ ಕಣಪ್ಪ, ಬಾಡಿಗೆಗೆ ಹೊಡೆಯೋ ಹಾಗಿಲ್ಲ’ ಅಂದರು. ಬ್ಯಾಡ್ಜ್ ಅವರ ಜೇಬಲ್ಲೇ ಇತ್ತು! ಅಂದರೆ ಬ್ಯಾಡ್ಜ್ ಮನುಷ್ಯನಿಗೆ, ಬೋರ್ಡ್ ಗಾಡಿಗೆ. ಲೈಸೆನ್ಸ್ ಪೈಲಟ್‌ಗೆ, ಸರ್ಟಿಫಿಕೇಟ್ ವಿಮಾನಕ್ಕೆ. ಬಾಡಿಗೆಗೆ ಎರಡೂ ಸರಿ ಇರಬೇಕು. ಯಾವ ಪ್ರಶ್ನೆ ಬಂದರೂ ಮೊದಲು ಕೇಳಿಕೊಳ್ಳಿ: ಈ ನಿಯಮ ಮನುಷ್ಯನದೋ, ಗಾಡಿಯದೋ?

ಖರ್ಚು ಹಂಚಿಕೊಳ್ಳುವ ನಿಯಮ 61.113 ಮನುಷ್ಯನದು. ಪ್ರೈವೇಟ್ ಪೈಲಟ್ (ದುಡ್ಡಿಗೆ ಹಾರಿಸುವ ಲೈಸೆನ್ಸ್ ಇಲ್ಲದವರು) ತನ್ನ ಸಮಪಾಲು ಹಾಕಲೇಬೇಕು. ಇಬ್ಬರು ಹಾರಿ ಇಂಧನಕ್ಕೆ 1,000 ಡಾಲರ್ ಆದರೆ ಪೈಲಟ್ ಕೈಯಿಂದ ಕನಿಷ್ಠ 500. ಪೂರ್ತಿ ಇಂಧನ ಪ್ರಯಾಣಿಕನೇ ಹಾಕಿಸಿದರೆ ಅದು ಸಂಭಾವನೆ.

ವಿಮೆ: ನಿಯಮ ಮೀರಿ ಹಾರಿಸಿದರೆ ಕಂಪನಿ ಪರಿಹಾರ ನಿರಾಕರಿಸಬಹುದು. ಪ್ರಯಾಣಿಕ ‘ನನ್ನ ಹೊಣೆ ನನ್ನದೇ’ ಅಂತ ಸಹಿ ಹಾಕಿದರೂ ಕೆಳಗಿನ ಜನ ಹಾಕಿರುವುದಿಲ್ಲ. ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ 2015ರ ಆಗಸ್ಟ್ 22ರಂದು ಹಳೆಯ ಹಾಕರ್ ಹಂಟರ್ ಜೆಟ್ ಪ್ರದರ್ಶನದ ವೇಳೆ ಹೆದ್ದಾರಿಗೆ ಬಿತ್ತು. ಸತ್ತ 11 ಜನರೂ ನೆಲದ ಮೇಲಿದ್ದವರು. ಇದನ್ನು ಓದಿದ ಮೇಲೆ ಆ ಸಹಿಯ ಮೇಲೆ ನನಗೆ ನಂಬಿಕೆ ಉಳಿದಿಲ್ಲ.

ಇನ್ನು ಎಜೆಕ್ಷನ್ ಸೀಟು, ಅಂದರೆ ಅಪಾಯದಲ್ಲಿ ಕೂತವರನ್ನು ವಿಮಾನದಿಂದ ಹೊರಗೆ ಚಿಮ್ಮಿಸುವ ಸೀಟು. ಅದನ್ನು ಚಿಮ್ಮಿಸುವ ಮದ್ದಿಗೆ ಅವಧಿ ಇರುತ್ತದೆ, ಮುಗಿದರೆ ಬದಲಿಸಬೇಕು. ಸೀಟು ಚಾಲೂ ಇದ್ದರೆ ತರಬೇತಿ ಇಲ್ಲದವರ ಕೈಗೆ ಅದನ್ನು ಚಿಮ್ಮಿಸುವ ಹಿಡಿ ಸಿಗುತ್ತದೆ. 2019ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಮಿಲಿಟರಿ ರಫೇಲ್‌ನಲ್ಲೇ ಹೀಗಾಯಿತು. 64 ವರ್ಷದ ಅತಿಥಿಯ ಬೆಲ್ಟ್ ಬಿಗಿಯಾಗಿರಲಿಲ್ಲ. ವಿಮಾನ ಮೇಲೇರಿ ಸಮವಾಗುತ್ತಿದ್ದಂತೆ ಅವರ ಮೈ ಸೀಟಿನಿಂದ ಮೇಲೆದ್ದಿತು. ಗಾಬರಿಯಲ್ಲಿ ಹಿಡಿದುಕೊಂಡಿದ್ದು ಎಜೆಕ್ಷನ್ ಹಿಡಿಯನ್ನೇ. ಅವರು ಹೊರಗೆ ಚಿಮ್ಮಿ ಬದುಕಿದರು. ಅದೇ ಎಳೆತಕ್ಕೆ ಪೈಲಟ್ ಸೀಟೂ ಚಿಮ್ಮಬೇಕಿತ್ತು, ಚಿಮ್ಮಲಿಲ್ಲ. ಮೇಲಿನ ಗಾಜು ಹಾರಿಹೋಗಿದ್ದ ವಿಮಾನವನ್ನು ಪೈಲಟ್ ಕೆಳಗಿಳಿಸಿದರು.