ಮೊಜಿಬಕೆ: ಅಕ್ಷರಗಳು ವೇಷ ಬದಲಿಸುವ ಕಥೆ

'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್ ಒಂದನ್ನು ಅದರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಸಣ್ಣ ಗೀಟಿರುವ ಎ, ಆಮೇಲೆ ಪೌಂಡ್ ಗುರುತು, ಕೊನೆಗೆ ಕ್ಯೂ ಮತ್ತು ಅದೇ ಎ. ಎಷ್ಟು ಸಲ ನೋಡಿದ್ದೀವಿ, ಅಲ್ವಾ? ಇಂಥ ಕಲಸುಮೇಲೋಗರಕ್ಕೆ ಜಗತ್ತಿನ ಕಂಪ್ಯೂಟರ್ ಮಂದಿ ಬಳಸುವ ಹೆಸರು ಜಪಾನಿನದು: ಮೊಜಿಬಕೆ.

'ಮೊಜಿ' ಅಂದರೆ ಅಕ್ಷರ. ಇಮೋಜಿಯಲ್ಲಿರುವುದೂ ಇದೇ ಮೊಜಿ. ಅಲ್ಲಿ 'ಎ' ಅಂದರೆ ಚಿತ್ರ, ಇಂಗ್ಲಿಷಿನ ಎಮೋಷನ್‌ಗೂ ಅದಕ್ಕೂ ನಂಟಿಲ್ಲ. 'ಬಕೆ' ಬಂದಿದ್ದು 'ಬಕೆರು' ಎಂಬ ಕ್ರಿಯಾಪದದಿಂದ. ಜಪಾನಿನ ಜನಪದ ಕಥೆಗಳಲ್ಲಿ ನರಿ, ತನುಕಿ (ನಾಯಿ ಜಾತಿಯ ಒಂದು ಕಾಡುಪ್ರಾಣಿ) ಮನುಷ್ಯರ ರೂಪ ತಾಳಿ ಊರವರನ್ನು ಮೋಸ ಮಾಡುತ್ತವೆ, ಹಾಗೆ ರೂಪ ಬದಲಿಸುವುದೇ ಬಕೆರು. ಮೇಕಪ್ಪಿಗಿರುವ 'ಕೆಶೋ' ಪದದಲ್ಲೂ ಇದೇ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರ, ಇದೆ. ರಸಾಯನಶಾಸ್ತ್ರ, ವಿಜ್ಞಾನ ಎರಡಕ್ಕೂ ಅಲ್ಲಿ 'ಕಗಾಕು' ಅಂತಲೇ ಉಚ್ಚಾರ. ಹಾಗಾಗಿ ಮಾತಿನಲ್ಲಿ ಗೊಂದಲ ಆಗದಿರಲಿ ಅಂತ ರಸಾಯನಶಾಸ್ತ್ರವನ್ನು 'ಬಕೆಗಾಕು' ಅನ್ನುತ್ತಾರೆ, ರೂಪ ಬದಲಾಗುವುದರ ಶಾಸ್ತ್ರ.

ಬೇರೆ ಭಾಷೆಗಳು ಇದನ್ನು ಕಂಡ ಬಗೆ ಬೇರೆ. ಜರ್ಮನ್ನರಿಗೆ ಇದು ಅಕ್ಷರದ ಸಲಾಡ್. ಹಂಗೇರಿಯವರಿಗೆ ಅಕ್ಷರದ ಕಸ. ಚೀನೀಯರಿಗೆ 'ಲುವಾನ್‌ಮಾ', ಗೋಜಲಾದ ಸಂಕೇತ. ಬಲ್ಗೇರಿಯಾದಲ್ಲಿ ಇದರ ಹೆಸರು ಕೋತಿಯಿಂದ ಹುಟ್ಟಿದ್ದು. ನನಗೆ ಜಪಾನಿನ ಪದವೇ ಸರಿ ಅನ್ನಿಸುತ್ತದೆ. ಕಸವಾದರೆ ಎಸೆಯಬೇಕು, ವೇಷವಾದರೆ ಕಳಚಬಹುದು.

ಈ ಪದ ಅಲ್ಲೇ ಹುಟ್ಟಿದ್ದು ಸುಮ್ನೆ ಅಲ್ಲ. ಒಂದು ಬೈಟಿನಲ್ಲಿ, ಅಂದರೆ ಕಂಪ್ಯೂಟರ್ ಒಂದು ಅಕ್ಷರಕ್ಕೆ ಕೊಡುತ್ತಿದ್ದ ಜಾಗದಲ್ಲಿ, 256 ಬಗೆಯ ಗುರುತು ಮಾತ್ರ ಸಾಧ್ಯ, ಕಾಂಜಿಗಳೋ ಸಾವಿರಾರು. 1978ರಲ್ಲಿ ಜಪಾನ್ ಎರಡು ಬೈಟಿನ ಪಟ್ಟಿಯೊಂದನ್ನು ಮಾಡಿತು. ಆದರೆ ಆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಬರೆದಿಡುವ ದಾರಿ ಮೂರಾದವು, ಪಿಸಿಗಳಿಗೆ ಒಂದು, ಯುನಿಕ್ಸ್ ಯಂತ್ರಗಳಿಗೆ ಇನ್ನೊಂದು, ಇಮೇಲಿಗೆ ಮತ್ತೊಂದು. ಇಮೇಲಿನ ದಾರಿಯಲ್ಲಿ 'ಇಲ್ಲಿಂದ ಜಪಾನಿ ಶುರು' ಅನ್ನುವ ಕಣ್ಣಿಗೆ ಕಾಣದ ಗುರುತೊಂದು ಇರುತ್ತಿತ್ತು. ನಡುವಿನ ಯಾವುದೋ ಯಂತ್ರ ಅದನ್ನು ನುಂಗಿದರೆ 'ಕೊನ್ನಿಚಿವಾ' ಅನ್ನುವ ಐದಕ್ಷರದ ನಮಸ್ಕಾರ ಡಾಲರ್ ಮೂರು, ಡಾಲರ್ ಎಸ್, ಡಾಲರ್ ಕೆ, ಡಾಲರ್ ಎ, ಡಾಲರ್ ಓ ಆಗಿ ತಲುಪುತ್ತಿತ್ತು. ಈ ನಮಸ್ಕಾರ ಬರೆಯುವ ಹಿರಗಾನ ಲಿಪಿಯ ಅಕ್ಷರಗಳೆಲ್ಲ ಆ ಪಟ್ಟಿಯ ನಾಲ್ಕನೇ ಸಾಲಿನಲ್ಲಿದ್ದವು, ಇಮೇಲಿನ ದಾರಿಯಲ್ಲಿ ಆ ಸಾಲಿಗೆ ಕೊಟ್ಟ ಅಂಕಿಯೂ ಡಾಲರಿನ ಅಂಕಿಯೂ ಒಂದೇ. ಪತ್ರ ಹಾಳಾಗಿರಲಿಲ್ಲ. ಓದುವ ಕಡೆ ತಪ್ಪು ಪಟ್ಟಿ ಹಿಡಿದು ಓದುತ್ತಿದ್ದರು, ಅಷ್ಟೇ.

1991ರಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಾಗಿ ಯುನಿಕೋಡ್ ಬಂತು, ಮರುವರ್ಷ ಅದನ್ನು ಬರೆದಿಡುವ ದಾರಿಯಾದ ಯುಟಿಎಫ್-8 ಬಂತು, ಜಾಲತಾಣಗಳು ನಿಧಾನವಾಗಿ ಅದಕ್ಕೆ ಹೊರಳಿದವು.

ಕನ್ನಡಕ್ಕೂ ಆ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಆಗಿನ ಕಂಪ್ಯೂಟರುಗಳಿಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ, ಕೆಲಸವೋ ಇವತ್ತೇ ಆಗಬೇಕಿತ್ತು, ಹಾಗಾಗಿ ಫಾಂಟಿನೊಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಪಿ ಜಾಗದಲ್ಲಿ ತಲೆಕಟ್ಟಿಲ್ಲದ ಕ. ಗೀಟಿರುವ ಎ ಜಾಗದಲ್ಲಿ ತಲೆಕಟ್ಟು. ಅಚ್ಚಿಗೆ ಚೆನ್ನಾಗಿಯೇ ಬರುತ್ತಿತ್ತು. ಎಷ್ಟೋ ಪುಸ್ತಕ, ಕಚೇರಿ ಪತ್ರಗಳು ಇದರಿಂದಲೇ ಹೊರಬಂದವು, ಆ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಇದು ಜಪಾನಿನ ಮೊಜಿಬಕೆಗೆ ತಿರುಗುಮುರುಗು. ಅಲ್ಲಿ ಫೈಲಿನೊಳಗೆ ನಿಜವಾಗಿಯೂ ಜಪಾನಿ ಇತ್ತು, ಮೇಲೆ ಬೇರೆ ವೇಷ ಕಾಣುತ್ತಿತ್ತು. ನಮ್ಮಲ್ಲಿ ಫೈಲಿನೊಳಗೆ ಇರುವುದೇ ಪಿ, ಪೌಂಡು, ಕ್ಯೂ. ಕನ್ನಡವೇ ವೇಷ! ಅದಕ್ಕೇ ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ಓದಲಾಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಅರ್ಥವಾಗುವುದಿಲ್ಲ. ಯುನಿಕೋಡ್ ಸರಿಯಾಗಿ ಮೂಡತೊಡಗಿದ ಮೇಲೂ ನಾವು ಜಾಸ್ತಿ ವರ್ಷ ಹಳೇ ದಾರಿಯಲ್ಲೇ ಉಳಿದೆವು.

ಈಗ ಕನ್ವರ್ಟರುಗಳಿವೆ, ಹಳೇ ಪಠ್ಯ ಹಾಕಿದರೆ ಯುನಿಕೋಡ್ ಆಗಿ ಬರುತ್ತದೆ. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಕನ್ನಡದ ನಡುವೆ ಒಂದೆರಡು ಇಂಗ್ಲಿಷ್ ಪದಗಳಿದ್ದರೆ ಎಷ್ಟೋ ಸಲ ಕನ್ವರ್ಟರಿಗೆ ಅದು ಇಂಗ್ಲಿಷ್ ಅಂತ ತಿಳಿಯುವುದೇ ಇಲ್ಲ. ನಿಜವಾದ ಪಿ ಯಾವುದು, ಕ ಆಗಬೇಕಾದ ಪಿ ಯಾವುದು ಅಂತ ಕೂತು ಓದಿ ತಿದ್ದುವ ಕೆಲಸ ಇನ್ನೂ ಮನುಷ್ಯರದೇ.