ಲೋ ಶುಗರ್ ಅಂದರೆ ಏನು, ಗಾಡಿ ಓಡಿಸುವವರಿಗೆ ಅದು ಯಾಕೆ ಮುಖ್ಯ

ರಕ್ತದಲ್ಲಿ ಸಕ್ಕರೆ ಡೆಸಿಲೀಟರ್‌ಗೆ (100 ಮಿಲಿಲೀಟರ್‌ಗೆ) 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಹೈಪೋಗ್ಲೈಸೀಮಿಯಾ. ಡಾಕ್ಟರಿಂದ ಹಿಡಿದು ಮನೆಯವರ ತನಕ ಎಲ್ಲರ ಬಾಯಲ್ಲೂ ಲೋ ಶುಗರ್. ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಡವಡವ ಅನ್ನುತ್ತದೆ. ಇನ್ನೂ ಇಳಿದರೆ ಮಿದುಳಿಗೇ ಸಕ್ಕರೆ ಸಾಲದೆ ಕಣ್ಣು ಮಂಜಾಗಿ, ಮಾತು ತೊದಲಿ, ತಾನೇನು ಮಾಡುತ್ತಿದ್ದೇನೆ ಅನ್ನುವುದೇ ಗೊತ್ತಾಗದೆ ಹೋಗಬಹುದು. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳುವುದೂ ಉಂಟು.

ಹಾಗಂತ ಶುಗರ್ ಮಾತ್ರೆ ನುಂಗುವವರೆಲ್ಲ ಡ್ರೈವಿಂಗ್ ಬಿಡಬೇಕಾಗಿಲ್ಲ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಲೋ ಆಗುವುದು ಅಪರೂಪ. ಹುಷಾರಾಗಿರಬೇಕಾದದ್ದು ಇನ್ಸುಲಿನ್ ಚುಚ್ಚಿಕೊಳ್ಳುವವರು, ಮತ್ತೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆಯವರು. ಈ ಮಾತ್ರೆಗಳು ಹೊಟ್ಟೆಗೆ ಏನಾದರೂ ಬಿದ್ದಿದೆಯಾ ಇಲ್ಲವಾ ಅಂತ ನೋಡದೆ ಇನ್ಸುಲಿನ್ ಸುರಿಸುತ್ತವೆ. ಬೆಳಿಗ್ಗೆ ಮಾತ್ರೆ ನುಂಗಿ, ದಾರಿಯಲ್ಲಿ ಇಡ್ಲಿ ತಿಂದರಾಯ್ತು ಅಂತ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರೆ ಕಷ್ಟ ಅಲ್ವಾ? ನಮ್ಮಲ್ಲಿ ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳು ಜಾಸ್ತಿ, ಆದ್ದರಿಂದ ಸ್ಟ್ರಿಪ್ ಮೇಲಿನ ಹೆಸರುಗಳನ್ನು ಒಮ್ಮೆ ಓದಿ. ಬಿಪಿಗೆ ಅಂತ ಬೀಟಾ ಬ್ಲಾಕರ್ ಕೊಟ್ಟಿದ್ದರೆ ನಡುಕ, ಎದೆಬಡಿತ ಗೊತ್ತೇ ಆಗದಿರಬಹುದು. ಬೆವರು ಮಾತ್ರ ಬರುತ್ತದೆ.

ಇನ್ನು ನಿಯಮ. ನಮ್ಮ ಲೈಸೆನ್ಸ್ ಅರ್ಜಿಯ ಫಾರ್ಮ್ 1ರಲ್ಲಿ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಬರುವುದು ಇದೆಯಾ ಅಂತ ಕೇಳುತ್ತಾರೆ. ಸುಮ್ನೆ 'ಇಲ್ಲ' ಅಂತ ಟಿಕ್ ಹಾಕುವ ಜಾಗ ಅದಲ್ಲ. ದಿನನಿತ್ಯಕ್ಕೆ ಬೇಕಾದ ಲೆಕ್ಕ ಬ್ರಿಟನ್‌ನ ನಿಯಮದಲ್ಲಿ ಸ್ಪಷ್ಟವಾಗಿದೆ, ನನ್ನ ಪ್ರಕಾರ ಇಲ್ಲಿರುವವರೂ ಅದನ್ನೇ ಪಾಲಿಸಬಹುದು. ಇನ್ಸುಲಿನ್‌ನವರು ಹೊರಡುವ ಮುಂಚಿನ 2 ಗಂಟೆಯೊಳಗೆ ಶುಗರ್ ನೋಡಿಕೊಳ್ಳಬೇಕು, ದೂರದ ದಾರಿಯಾದರೆ 2 ಗಂಟೆಗೊಮ್ಮೆ ಮತ್ತೆ ನೋಡಬೇಕು. ನಮ್ಮ ಮೀಟರ್ ಲೆಕ್ಕದಲ್ಲಿ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಬೇಕು, 72ಕ್ಕಿಂತ ಕಡಿಮೆ ಇದ್ದರೆ ಗಾಡಿ ಮುಟ್ಟಲೇಬಾರದು.

ದಾರಿ ಮಧ್ಯೆ ಲೋ ಅನ್ನಿಸಿದರೆ ಪಕ್ಕಕ್ಕೆ ನಿಲ್ಲಿಸಿ, ಕೀ ತೆಗೆದು, ಡ್ರೈವರ್ ಸೀಟಿನಿಂದ ಈಚೆ ಬನ್ನಿ. 15 ಗ್ರಾಂ ಗ್ಲೂಕೋಸ್ ಬಾಯಿಗೆ ಹಾಕಿಕೊಂಡು 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್ ಮಾಡಿ. ಶುಗರ್ ಸರಿಹೋಯಿತು ಅಂತ ತಕ್ಷಣ ಹೊರಡಬೇಡಿ, ಮಿದುಳು ಪೂರ್ತಿ ಸುಧಾರಿಸಲು 45 ನಿಮಿಷ ಕೊಡಿ. ಚಾಕೊಲೇಟ್‌ನಲ್ಲಿ ಕೊಬ್ಬಿರುವುದರಿಂದ ಅದು ನಿಧಾನ. ವೋಗ್ಲಿಬೋಸ್ ಸೇರಿದ ಮಾತ್ರೆ ತಿನ್ನುವವರಿಗೆ ಮನೆಯ ಸಕ್ಕರೆಯೂ ಬೇಗ ಏರುವುದಿಲ್ಲ, ಯಾಕೆಂದರೆ ಸಕ್ಕರೆಯನ್ನು ಒಡೆಯುವ ಕೆಲಸವನ್ನೇ ಆ ಔಷಧಿ ತಡೆಯುತ್ತದೆ. ಅಂಥವರ ಗಾಡಿಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.